ಸಿಯಾಟಲ್ ಸುತ್ತಮುತ್ತ ಚಳಿಗಾಲದ ನೆರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕ್ಯಾಸ್ಕೇಡ್ ಬೆಟ್ಟಸಾಲಿಗೂ ಪ್ಯೂಜೆಟ್ ಸೌಂಡ್ ಎಂಬ ಕಡಲ ಚಾಚಿಗೂ ನಡುವಿನ ಊರುಗಳಲ್ಲಿ ಕನ್ನಡಿಗರ ಮನೆಗಳು ಸಾಕಷ್ಟಿವೆ. ರೆಡ್ಮಂಡ್, ಸಮಾಮಿಷ್‌ಗಳಲ್ಲಿ ಮನೆ ಸಿಗದೆ ಡುವಾಲ್, ಸ್ನೋಕ್ವಾಲ್ಮಿ, ಮನ್ರೋ ಕಡೆ ಹೋದವರಿಗೆ ಮೊದಲ ನವೆಂಬರ್‌ನಲ್ಲೇ ಒಂದು ವಿಷಯ ಗೊತ್ತಾಗುತ್ತದೆ: ಇಲ್ಲಿನ ಹೊಳೆಗಳು ಹೇಳದೆ ಕೇಳದೆ ರಸ್ತೆಗೆ ಬರುತ್ತವೆ. ಹಾಗೆ ಹೇಳುವುದೂ ಪೂರ್ತಿ ಸರಿಯಲ್ಲ. ಹೇಳಿಯೇ ಬರುತ್ತವೆ, ಎಲ್ಲಿ ನೋಡಬೇಕೆಂದು ಗೊತ್ತಿರಬೇಕಷ್ಟೆ.

ಇಲ್ಲಿ ನೆರೆ ಚಳಿಗಾಲದಲ್ಲಿ ಏಕೆ ಬರುತ್ತದೆ?

ಇಲ್ಲಿನ ಮಳೆಗಾಲವೇ ಚಳಿಗಾಲ. ನಮ್ಮ ಕಡೆ ಮುಂಗಾರು ಸುರಿಯುವ ಜುಲೈ, ಆಗಸ್ಟ್‌ನಲ್ಲಿ ಇಲ್ಲಿ ಹುಲ್ಲು ಒಣಗಿರುತ್ತದೆ. ಅಕ್ಟೋಬರ್ ಕಳೆಯುತ್ತಿದ್ದಂತೆ ಪೆಸಿಫಿಕ್ ಸಾಗರದಿಂದ ಮಳೆ ಮಾರುತಗಳು ಒಂದರ ಬೆನ್ನಿಗೊಂದು ಬಂದು ಕ್ಯಾಸ್ಕೇಡ್‌ಗೆ ಬಡಿಯುತ್ತವೆ. ನೆರೆಯ ಕಾಲ ಮುಖ್ಯವಾಗಿ ನವೆಂಬರ್‌ನಿಂದ ಫೆಬ್ರವರಿ.

ಎಲ್ಲ ಮಾರುತಗಳೂ ಅಪಾಯಕಾರಿಯಲ್ಲ. ಅಲಾಸ್ಕ ಕಡೆಯಿಂದ ಬರುವುದು ತಣ್ಣಗಿರುತ್ತದೆ. ಅದರ ನೀರೆಲ್ಲ ಬೆಟ್ಟದ ಮೇಲೆ ಹಿಮವಾಗಿ ಕೂರುತ್ತದೆ, ಹೊಳೆಗೆ ಇಳಿಯುವುದಿಲ್ಲ. ತೊಂದರೆ ಕೊಡುವುದು ನೈರುತ್ಯದಿಂದ, ಹವಾಯಿ ದ್ವೀಪಗಳ ಕಡೆಯಿಂದ, ಉದ್ದನೆಯ ಪಟ್ಟಿಯಂತೆ ಬರುವ ಬೆಚ್ಚನೆಯ ತೇವದ ಗಾಳಿ. ಇದನ್ನು ಅಟ್ಮಾಸ್ಫಿಯರಿಕ್ ರಿವರ್ ಎನ್ನುತ್ತಾರೆ. ಹವಾಯಿಯಿಂದ ಬರುವ ಜಾತಿಗೆ ಪೈನಾಪಲ್ ಎಕ್ಸ್‌ಪ್ರೆಸ್ ಎಂದು ಅಡ್ಡಹೆಸರು. ಮೊದಲು ತಣ್ಣನೆಯ ಮಾರುತ ಬಂದು ಬೆಟ್ಟದ ಬುಡದವರೆಗೆ ಹಿಮ ಸುರಿದು, ಎರಡು ಮೂರು ದಿನದಲ್ಲಿ ಇದು ಬಂದರೆ ಕಣಿವೆಗೆ ನೆರೆ.

ಬೆಚ್ಚಗಿನ ಮಳೆ ಬಿದ್ದು ಹಿಮ ಕರಗುತ್ತದೆ ಎನ್ನುತ್ತಾರೆ. ಮಳೆನೀರಿಗೆ ಅಷ್ಟು ಶಾಖ ಇರುತ್ತದೆಯೇ?

ಇರುವುದಿಲ್ಲ. ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. 5 ಡಿಗ್ರಿ ಸೆಲ್ಸಿಯಸ್‌ನ ಮಳೆ 100 ಮಿಲಿಮೀಟರ್ ಬಿತ್ತು ಎಂದುಕೊಳ್ಳಿ, ಅದು ದೊಡ್ಡ ಮಳೆಯೇ. ಆ ನೀರು 0 ಡಿಗ್ರಿಗೆ ತಣಿಯುವಾಗ ಬಿಟ್ಟುಕೊಡುವ ಶಾಖದಿಂದ ಕರಗುವ ಹಿಮ ಬರೀ 6 ಮಿಲಿಮೀಟರ್ ನೀರಿನಷ್ಟು.

ನಿಜವಾಗಿ ಕರಗಿಸುವುದು ಗಾಳಿ ಮತ್ತು ಆವಿ. ಬೆಚ್ಚನೆಯ, ತೇವ ತುಂಬಿದ ಗಾಳಿ ಹಿಮದ ಮೇಲೆ ಜೋರಾಗಿ ಬೀಸುವಾಗ ಅದರಲ್ಲಿರುವ ಆವಿ ಹಿಮದ ಮೈಮೇಲೆ ನೀರಾಗಿ ಕೂರುತ್ತದೆ. ಒಂದು ಕಿಲೋ ಆವಿ ನೀರಾದರೆ ಸುಮಾರು 2,500 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಒಂದು ಕಿಲೋ ಹಿಮ ಕರಗಲು ಬೇಕಾದದ್ದು 334 ಕಿಲೋಜೂಲ್. ಅಂದರೆ ಒಂದು ಕಿಲೋ ಆವಿಗೆ ಏಳೂವರೆ ಕಿಲೋ ಹಿಮ. ಹಾಗಾಗಿ ಒಂದೇ ಪ್ರಮಾಣದ ಮಳೆಯಲ್ಲೂ ಗಾಳಿ ಇಲ್ಲದ ದಿನ ಹಿಮ ಹೆಚ್ಚು ಕಡಿಮೆ ಹಾಗೇ ಉಳಿದು, ಗಾಳಿ ಬೀಸುವ ದಿನ ರಾತ್ರಿ ಕಳೆಯುವುದರೊಳಗೆ ಬೆಟ್ಟದ ಕೆಳಭಾಗವೆಲ್ಲ ಬೋಳಾಗಬಹುದು. ಮರ ಕಡಿದು ಬಯಲಾದ ಜಾಗದಲ್ಲಿ, ದಟ್ಟ ಕಾಡಿನ ಒಳಗಿಗಿಂತ ಹಿಮ ಬೇಗ ಕರಗುವುದಕ್ಕೂ ಇದೇ ಕಾರಣ: ಗಾಳಿಗೆ ಅಡ್ಡ ಇಲ್ಲ.

ಹಿಮ ಇದ್ದರೆ ಮಳೆನೀರನ್ನು ಹೀರಿಕೊಂಡು ನೆರೆ ತಡೆಯುತ್ತದಲ್ಲವೇ?

ಕೆಲವೊಮ್ಮೆ. ಜನವರಿ ಕೊನೆಯಲ್ಲಿ ಎತ್ತರದ ಜಾಗದಲ್ಲಿ ಆಳವಾಗಿ, ಒಣಗಿ, ಶೂನ್ಯಕ್ಕಿಂತ ಚೆನ್ನಾಗಿ ಕೆಳಗಿನ ಉಷ್ಣತೆಯಲ್ಲಿರುವ ಹಿಮ ಮಳೆಯ ಮೊದಲ ಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಹಿಮದ ಪದರವೆಲ್ಲ 0 ಡಿಗ್ರಿಗೆ ಬಂದು ತೊಯ್ದ ಮೇಲೆ ಅದಕ್ಕೆ ಹಿಡಿಯುವ ಶಕ್ತಿ ಇಲ್ಲ. ಬಿದ್ದದ್ದನ್ನೆಲ್ಲ ಕೆಳಗೆ ಬಿಡುತ್ತದೆ, ಜೊತೆಗೆ ತನ್ನ ನೀರನ್ನೂ ಸೇರಿಸುತ್ತದೆ. 1,500ರಿಂದ 4,000 ಅಡಿ ಎತ್ತರದಲ್ಲಿ ನವೆಂಬರ್‌ನಲ್ಲಿ ಬೀಳುವ ಒಂದೆರಡು ಅಡಿಯ ತೆಳು ಹಿಮ ಯಾವಾಗಲೂ ಕರಗುವ ಹಂತದಲ್ಲೇ ಇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಹೆದರಬೇಕಾದದ್ದು ಇದಕ್ಕೆ, ಮೇಲಿನ ಹತ್ತಡಿ ಹಿಮಕ್ಕಲ್ಲ.

ಎಷ್ಟು ಹಿಮ ಕರಗಿದರೆ ಹೊಳೆಗೆ ಎಷ್ಟು ನೀರು?

ಹಿಮದ ಆಳ ನೋಡಿ ಲೆಕ್ಕ ಹಾಕಬೇಡಿ. ಹೊಸ ಹಿಮ 10 ಇಂಚು ಇದ್ದರೆ ಅದರಲ್ಲಿ ನೀರು ಸುಮಾರು 1 ಇಂಚು. ಅದೇ ಹಿಮ ಕುಸಿದು, ಮಳೆ ಕುಡಿದು ಗಟ್ಟಿಯಾಗಿದ್ದರೆ 10 ಇಂಚಿನಲ್ಲಿ 3ರಿಂದ 4 ಇಂಚು ನೀರು. ಬೆಟ್ಟದ ಮೇಲಿರುವ ಸ್ನೋಟೆಲ್ ಕೇಂದ್ರಗಳು ಹಿಮದ ತೂಕ ಅಳೆದು ಅದರಲ್ಲಿನ ನೀರು ಎಷ್ಟು ಇಂಚು ಎಂದು ಪ್ರತಿ ಗಂಟೆ ಜಾಲತಾಣದಲ್ಲಿ ತೋರಿಸುತ್ತವೆ.

ಇನ್ನು ಹೊಳೆಯ ಲೆಕ್ಕ. ಕಾರ್ನೇಷನ್ ಬಳಿ ಸ್ನೋಕ್ವಾಲ್ಮಿ ನದಿಯ ಜಲಾನಯನ 603 ಚದರ ಮೈಲಿ. ಅಷ್ಟೂ ಜಾಗದಿಂದ 1 ಇಂಚು ನೀರು ಇಳಿದರೆ 1.4 ಟಿಎಂಸಿ. ಅದು ಒಂದೇ ದಿನದಲ್ಲಿ ಹರಿದರೆ ಸರಾಸರಿ 16,000 ಕ್ಯೂಸೆಕ್. ಕೆಆರ್‌ಎಸ್ ಒಳಹರಿವು, ಹೊರಹರಿವು ಓದಿ ಬೆಳೆದವರಿಗೆ ಇಲ್ಲಿನ ಅಂಕಿ ಓದಲು ಕಷ್ಟವಿಲ್ಲ, ಇಲ್ಲಿಯೂ ಸೆಕೆಂಡಿಗೆ ಘನ ಅಡಿಯ ಲೆಕ್ಕವೇ. ಮಳೆ 5 ಇಂಚು ಬಿದ್ದು, ಅದಕ್ಕೆ ಕರಗಿದ ಹಿಮದ 2 ಇಂಚು ಸೇರಿದರೆ ಏನಾಗುತ್ತದೆಂದು ನೀವೇ ಗುಣಿಸಿ ನೋಡಬಹುದು.

ನಮ್ಮ ಮನೆ ಹತ್ತಿರ ಮಳೆ ಅಷ್ಟೇನೂ ಇಲ್ಲ. ಆದರೂ ಹೊಳೆ ಏರುತ್ತಿದೆಯಲ್ಲ?

ನಿಮ್ಮ ಕಿಟಕಿಯ ಮಳೆಗೂ ಆ ಹೊಳೆಗೂ ಸಂಬಂಧ ಕಡಿಮೆ. ಕ್ಯಾಸ್ಕೇಡ್ ಗಾಳಿಯನ್ನು ಮೇಲಕ್ಕೆತ್ತಿ ಹಿಂಡುವುದರಿಂದ ಸಿಯಾಟಲ್‌ನಲ್ಲಿ ಒಂದು ಇಂಚು ಬಿದ್ದ ದಿನ ಬೆಟ್ಟದಲ್ಲಿ ಐದಾರು ಇಂಚು ಬಿದ್ದಿರಬಹುದು. ಆ ನೀರು ಕಣಿವೆಗೆ ಬರಲು ಗಂಟೆಗಳು ಬೇಕು. ಮಳೆ ನಿಂತು ಬಿಸಿಲು ಬಂದ ಮೇಲೆ ಡುವಾಲ್‌ನಲ್ಲಿ ನೀರು ಏರುತ್ತಲೇ ಇರುವುದು ಮಾಮೂಲು.

ಮುನ್ಸೂಚನೆಯಲ್ಲಿ ಮುಖ್ಯವಾಗಿ ಏನು ನೋಡಬೇಕು?

ಎಲ್ಲರೂ ನೋಡುವುದು ಎಷ್ಟು ಇಂಚು ಮಳೆ ಎಂಬುದನ್ನು. ನೋಡಬೇಕಾದ ಮೊದಲ ಅಂಕಿ ಸ್ನೋ ಲೆವೆಲ್, ಅಂದರೆ ಯಾವ ಎತ್ತರದಿಂದ ಮೇಲೆ ಹಿಮ, ಅದರ ಕೆಳಗೆ ಮಳೆ ಎಂಬುದು. ಫ್ರೀಜಿಂಗ್ ಲೆವೆಲ್ ಎಂದು ಕೊಟ್ಟಿದ್ದರೆ ಅದರಿಂದ ಸುಮಾರು 1,000 ಅಡಿ ಕಳೆಯಿರಿ, ಸ್ನೋ ಲೆವೆಲ್ ಸಿಗುತ್ತದೆ.

ಸ್ನೋಕ್ವಾಲ್ಮಿ ಪಾಸ್ ಇರುವುದು 3,022 ಅಡಿಯಲ್ಲಿ, ಸ್ಟೀವನ್ಸ್ ಪಾಸ್ 4,061 ಅಡಿಯಲ್ಲಿ. ಸ್ನೋ ಲೆವೆಲ್ 2,500 ಅಡಿ ಇದ್ದರೆ ಜಲಾನಯನದ ಕೆಳಗಿನ ಭಾಗದಲ್ಲಿ ಮಾತ್ರ ಮಳೆ. ಅದೇ 7,000 ಅಡಿಗೆ ಏರಿದರೆ ಹೆಚ್ಚು ಕಡಿಮೆ ಇಡೀ ಜಲಾನಯನಕ್ಕೆ ಮಳೆ, ಮೊದಲೇ ಬಿದ್ದಿದ್ದ ಹಿಮವೂ ಕರಗತೊಡಗುತ್ತದೆ. ಅಷ್ಟೇ ಇಂಚಿನ ಮಳೆ ಮೊದಲನೆಯ ಸಲ ಸ್ಕೀ ಮಾಡುವವರಿಗೆ ಖುಷಿ, ಎರಡನೆಯ ಸಲ ಕೆಳಗಿನ ರೈತರಿಗೆ ನೆರೆ.

ಎರಡನೆಯದು ಹಿಂದಿನ ವಾರದ ಮಳೆ. ಬೇಸಿಗೆ ಮುಗಿದ ಮೇಲಿನ ಮೊದಲ ಒಂದೆರಡು ಮಳೆ ಮಣ್ಣಿಗೆ ಹೋಗುತ್ತದೆ. ಮಣ್ಣು ತುಂಬಿದ ಮೇಲೆ ಬರುವ ಮೂರನೆಯದೇ ನೆರೆ ತರುವುದು. ಮೂರನೆಯದು ಮಳೆ ನಿಲ್ಲದೆ ಎಷ್ಟು ಹೊತ್ತು ಒಂದೇ ಕಡೆ ಸುರಿಯುತ್ತದೆ ಎಂಬುದು. ಅಟ್ಮಾಸ್ಫಿಯರಿಕ್ ರಿವರ್‌ಗೆ 1ರಿಂದ 5ರವರೆಗೆ ದರ್ಜೆ ಕೊಡುವಾಗ ಆವಿಯ ಪ್ರಮಾಣದ ಜೊತೆ ಅವಧಿಯನ್ನೂ ಸೇರಿಸುತ್ತಾರೆ. ಮಧ್ಯಮ ಬಲದ್ದು 48 ಗಂಟೆ ನಿಂತರೆ, ಜೋರಾಗಿ ಬಂದು 12 ಗಂಟೆಯಲ್ಲಿ ಹೋಗುವುದಕ್ಕಿಂತ ಕೆಟ್ಟದ್ದು.

ಕಿಂಗ್ ಕೌಂಟಿಯವರು (ಸಿಯಾಟಲ್ ಇರುವ ಜಿಲ್ಲೆಯ ಆಡಳಿತ) ಹೇಳುವ ಫೇಸ್ 1, 2, 3, 4 ಏನು?

ಸ್ನೋಕ್ವಾಲ್ಮಿ ನದಿಗೆ ಉತ್ತರ, ಮಧ್ಯ, ದಕ್ಷಿಣ ಎಂದು ಮೂರು ಕವಲು. ಮೂರರ ಹರಿವನ್ನೂ ಕೂಡಿಸಿ ಹಂತ ಗೊತ್ತು ಮಾಡುತ್ತಾರೆ. 6,000 ಕ್ಯೂಸೆಕ್‌ಗೆ ಫೇಸ್ 1, 12,000ಕ್ಕೆ ಫೇಸ್ 2, 20,000ಕ್ಕೆ ಫೇಸ್ 3, 38,000ಕ್ಕೆ ಫೇಸ್ 4. ಎರಡನೆಯ ಹಂತದಲ್ಲಿ ತಗ್ಗಿನ ರಸ್ತೆಗಳಿಗೆ ನೀರು ಬರತೊಡಗುತ್ತದೆ, ಕೌಂಟಿಯ ನೆರೆ ಎಚ್ಚರಿಕೆ ಕೇಂದ್ರ ತೆರೆಯುತ್ತದೆ. ಮೂರಕ್ಕೆ ಕಣಿವೆಯ ಹಲವು ರಸ್ತೆ ಬಂದ್. ನಾಲ್ಕು ಎಂದರೆ ಮನೆಗಳಿಗೂ ನೀರು.

ಕವಲುಗಳನ್ನೇ ಅಳೆಯುವುದರ ಅನುಕೂಲ ಏನೆಂದರೆ, ಅಲ್ಲಿ ಕಂಡದ್ದು 268 ಅಡಿ ಎತ್ತರದ ಸ್ನೋಕ್ವಾಲ್ಮಿ ಜಲಪಾತ ದಾಟಿ ಫಾಲ್ ಸಿಟಿ, ಕಾರ್ನೇಷನ್, ಡುವಾಲ್‌ಗೆ ಬರುವುದು ಆಮೇಲೆ. ಕೆಳಗಿನವರಿಗೆ ಸಮಯ ಸಿಗುತ್ತದೆ. ಆದರೆ ಟೋಲ್ಟ್ ನದಿ ಕಾರ್ನೇಷನ್ ಬಳಿ, ಈ ಅಳತೆ ಮುಗಿದ ಮೇಲೆ ಬಂದು ಸೇರುತ್ತದೆ. ಆದ್ದರಿಂದ ಡುವಾಲ್‌ನವರು ಮೂರು ಕವಲಿನ ಮೊತ್ತದ ಜೊತೆಗೆ ಕಾರ್ನೇಷನ್ ಮಾಪನವನ್ನೂ ನೋಡಬೇಕು. ಅಲ್ಲಿ ನೆರೆಯ ಮಟ್ಟ 54 ಅಡಿ. ಇದು ನೀರಿನ ಆಳವಲ್ಲ, ಗೊತ್ತುಮಾಡಿದ ಒಂದು ಸೊನ್ನೆಯಿಂದ ಅಳೆದ ಮಟ್ಟ.

ವಾಚ್, ವಾರ್ನಿಂಗ್‌ಗಳ ನಡುವಿನ ವ್ಯತ್ಯಾಸ?

ಫ್ಲಡ್ ವಾಚ್ ಎಂದರೆ ನೆರೆ ಬರುವ ಸಂಭವ ಇದೆ, ತಯಾರಿ ಮಾಡಿಕೊಳ್ಳಿ. ವಾರ್ನಿಂಗ್ ಎಂದರೆ ಬರುತ್ತಿದೆ ಅಥವಾ ಬಂದಾಗಿದೆ. ಪೇಟೆಗೆ ಹೋಗಿ ಸಾಮಾನು ತರುವುದು, ಕಾರು ಎತ್ತರದಲ್ಲಿ ನಿಲ್ಲಿಸುವುದು, ಊರಿನಿಂದ ಬಂದಿರುವ ಅಪ್ಪ ಅಮ್ಮನ ಔಷಧಿ ತುಂಬಿಸಿಕೊಳ್ಳುವುದು ಎಲ್ಲ ವಾಚ್ ಇರುವಾಗಲೇ ಮುಗಿಯಬೇಕು.

ಇಷ್ಟು ದೊಡ್ಡ ಹೊಳೆಗಳಿಗೆ ಡ್ಯಾಮ್ ಇಲ್ಲವೇ?

ಕೆಲವಕ್ಕೆ ಇದೆ, ಕೆಲವಕ್ಕೆ ಇಲ್ಲ. ಸ್ನೋಕ್ವಾಲ್ಮಿಯ ಮುಖ್ಯ ಹರಿವಿಗೆ ನೆರೆ ತಡೆಯುವ ಅಣೆಕಟ್ಟು ಇಲ್ಲ. ದಕ್ಷಿಣ ಟೋಲ್ಟ್‌ನಲ್ಲಿರುವುದು ಸಿಯಾಟಲ್‌ನ ಕುಡಿಯುವ ನೀರಿನ ಜಲಾಶಯ. ಸ್ಕಾಜಿಟ್ ನದಿಗೆ ರಾಸ್ ಅಣೆಕಟ್ಟು, ಅದರ ಉಪನದಿ ಬೇಕರ್‌ಗೆ ಅಪ್ಪರ್ ಬೇಕರ್ ಅಣೆಕಟ್ಟು ಇದ್ದರೂ, ಅದೇ ನದಿಗೆ ಸೇರುವ ಸಾಕ್‌ಗೆ ಯಾವ ತಡೆಯೂ ಇಲ್ಲ.

ಕೆಂಟ್, ಆಬರ್ನ್ ಕಡೆಯ ಗ್ರೀನ್ ನದಿಗೆ ಹಾವರ್ಡ್ ಹ್ಯಾನ್ಸನ್ ಅಣೆಕಟ್ಟಿದೆ. ಇದರ ನಡೆ ನಮ್ಮ ಜಲಾಶಯಗಳ ತಿರುವುಮುರುವು. ಮಳೆಗಾಲ ಬಂತೆಂದರೆ ನಾವು ಕೆಆರ್‌ಎಸ್ ತುಂಬಲೆಂದು ಕಾಯುತ್ತೇವೆ. ಇಲ್ಲಿ ಮಳೆಗಾಲವಿಡೀ ಜಲಾಶಯವನ್ನು ಬಹುಪಾಲು ಖಾಲಿ ಇಟ್ಟಿರುತ್ತಾರೆ, ತುಂಬಿಸುವುದು ವಸಂತದಲ್ಲಿ. ನೆರೆ ಬಂದಾಗ ಆಬರ್ನ್ ಬಳಿ ಹರಿವು 12,000 ಕ್ಯೂಸೆಕ್ ಮೀರದಂತೆ ಮೇಲೆ ನೀರು ಹಿಡಿದು, ಮಳೆ ನಿಂತ ಮೇಲೆ ದಿನಗಟ್ಟಲೆ ಬಿಡುತ್ತಾರೆ. ಹಾಗಾಗಿ ಆಕಾಶ ತಿಳಿಯಾದ ವಾರದಲ್ಲೂ ಅಲ್ಲಿನ ದಂಡೆಗಳು ತುಂಬಿದ ಹೊಳೆಯ ಒತ್ತಡ ತಡೆದುಕೊಂಡಿರಬೇಕಾಗುತ್ತದೆ.

ದೊಡ್ಡ ನೆರೆಗಳು ಯಾವಾಗ ಬಂದಿವೆ?

1990ರ ನವೆಂಬರ್‌ನದ್ದು ಸ್ನೋಕ್ವಾಲ್ಮಿ, ಸ್ಕಾಜಿಟ್ ಎರಡರಲ್ಲೂ ಹಳಬರು ಈಗಲೂ ಹೇಳುವ ನೆರೆ. 1996ರ ಫೆಬ್ರವರಿಯದ್ದು ಮಳೆ ಮತ್ತು ಹಿಮ ಸೇರಿ ಬರುವ ನೆರೆಗೆ ಪಾಠದಂತಿದೆ. ಮೊದಲು ಕಟುಚಳಿ ಮತ್ತು ಹಿಮ, ಆಮೇಲೆ ಒಮ್ಮೆಲೇ ಬೆಚ್ಚನೆಯ ಮಳೆ. ಒರೆಗಾನ್‌ನ ಪೋರ್ಟ್‌ಲಂಡ್‌ನಲ್ಲಿ ವಿಲ್ಲಾಮೆಟ್ ನದಿಯ ಗೋಡೆಯ ಮೇಲೆ ಪ್ಲೈವುಡ್ ಮತ್ತು ಮರಳ ಚೀಲ ಇಟ್ಟು ಪೇಟೆ ಉಳಿಸಿಕೊಂಡರು. 2009ರ ಜನವರಿಯಲ್ಲಿ ಸ್ನೋಕ್ವಾಲ್ಮಿ ಕಣಿವೆ ಮತ್ತೆ ಮುಳುಗಿತು.

2021ರ ನವೆಂಬರ್ 14, 15ರಂದು ನೂಕ್ಸ್ಯಾಕ್ ನದಿ ಎವರ್ಸನ್ ಬಳಿ ದಂಡೆ ಮೀರಿ, ಸೂಮಾಸ್ ಊರನ್ನು ಮುಳುಗಿಸಿ, ಗಡಿ ದಾಟಿ ಕೆನಡಾದ ಅಬಾಟ್ಸ್‌ಫರ್ಡ್‌ಗೆ ಹೋಯಿತು. ಅಲ್ಲಿ ನೀರು ನಿಂತದ್ದು ಸೂಮಾಸ್ ಬಯಲಿನಲ್ಲಿ. ಆ ಬಯಲು ಮೊದಲು ಕೆರೆಯಾಗಿತ್ತು, 1920ರ ದಶಕದಲ್ಲಿ ಬರಿದು ಮಾಡಿ ಹೊಲ ಮಾಡಿದ್ದರು. 2025ರ ಡಿಸೆಂಬರ್‌ನಲ್ಲಿ ಸಾಲಾಗಿ ಬಂದ ಮಾರುತಗಳು ಸ್ಕಾಜಿಟ್, ಸ್ನೋಹೋಮಿಶ್ ಕಣಿವೆಗಳಿಗೆ ಭಾರಿ ನೆರೆ ತಂದವು. ಮೌಂಟ್ ವರ್ನನ್ ಪೇಟೆಯನ್ನು ಅದರ ನೆರೆಗೋಡೆ ಉಳಿಸಿತು.

ನೂರು ವರ್ಷದ ನೆರೆ ಎಂದರೆ ನೂರು ವರ್ಷಕ್ಕೊಮ್ಮೆ ಬರುವುದೇ?

ಅಲ್ಲ. ಪ್ರತಿ ವರ್ಷವೂ ನೂರಕ್ಕೆ ಒಂದು ಪಾಲು ಸಂಭವ ಎಂದರ್ಥ. 30 ವರ್ಷದ ಸಾಲದ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಂಭವ ಶೇಕಡ 26. ಮನೆ ನೋಡುವಾಗ ಫೆಮಾದ (ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ) ನೆರೆ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿ. ಎ, ಎಇ ವಲಯ ಎಂದರೆ ಈ ಲೆಕ್ಕದ ಒಳಗೆ. ಎಕ್ಸ್ ಬಂದರೆ ಅಪಾಯ ಕಡಿಮೆ, ಇಲ್ಲವೆಂದಲ್ಲ. ಈ ನಕ್ಷೆ ನೀರು ಎಲ್ಲಿವರೆಗೆ ಏರುತ್ತದೆಂದು ಹೇಳುತ್ತದೆ, ಹೊಳೆ ದಂಡೆ ಕೊರೆದು ಪಾತ್ರ ಬದಲಿಸುವುದನ್ನು ಹೇಳುವುದಿಲ್ಲ. ಎತ್ತರದ ದಂಡೆಯ ಮೇಲಿದ್ದು ಒಮ್ಮೆಯೂ ನೀರು ನೋಡದ ಮನೆಯ ಹಿತ್ತಲು ಒಂದೇ ರಾತ್ರಿಯಲ್ಲಿ ಹೊಳೆಪಾಲಾಗಬಹುದು. ಅದಕ್ಕೆ ಕೌಂಟಿಯ ಪ್ರತ್ಯೇಕ ನಕ್ಷೆ ಕೇಳಿ.

ಹೋಮ್ ಇನ್ಶೂರೆನ್ಸ್ ಇದೆ. ಸಾಲದೇ?

ಸಾಲದು. ಸಾಮಾನ್ಯ ಮನೆ ವಿಮೆಗೆ ನೆರೆ ಸೇರುವುದಿಲ್ಲ. ಬೇರೆಯಾಗಿ ಫ್ಲಡ್ ಇನ್ಶೂರೆನ್ಸ್ ತೆಗೆದುಕೊಳ್ಳಬೇಕು. ಸರ್ಕಾರಿ ಯೋಜನೆಯಲ್ಲಿ ಮನೆಗೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್. ಎರಡನ್ನೂ ಬೇರೆ ಬೇರೆ ಆರಿಸಬೇಕು. ಮನೆಗೆ ಮಾತ್ರ ತೆಗೆದುಕೊಂಡು ಸಾಮಾನಿಗೂ ಇದೆ ಎಂದುಕೊಂಡವರಿಗೆ ಸತ್ಯ ಗೊತ್ತಾಗುವುದು ಸೋಫಾ ತೊಯ್ದ ಮೇಲೆ. ಬಾಡಿಗೆದಾರರು ಸಾಮಾನಿನದ್ದು ಮಾತ್ರ ಕೊಳ್ಳಬಹುದು.

ಹಣ ಕಟ್ಟಿದ 30 ದಿನಗಳ ನಂತರ ಮಾತ್ರ ಇದು ಜಾರಿಗೆ ಬರುತ್ತದೆ, ಮನೆ ಸಾಲಕ್ಕಾಗಿ ಕೊಳ್ಳುವಂಥ ಕೆಲವು ಸಂದರ್ಭ ಬಿಟ್ಟು. ನವೆಂಬರ್‌ಗೆ ಬೇಕಿದ್ದರೆ ಸೆಪ್ಟೆಂಬರ್ ಕೊನೆಗೆ ಕಟ್ಟಿರಬೇಕು. ಬೇಸ್‌ಮೆಂಟ್‌ನಲ್ಲಿ ಮಾಡಿಸಿದ ಗೋಡೆ, ನೆಲಹಾಸು, ಹೋಮ್ ಥಿಯೇಟರ್‌ಗೆ ಪರಿಹಾರ ಇಲ್ಲ, ಫರ್ನೇಸ್, ವಾಟರ್ ಹೀಟರ್‌ಗೆ ಇದೆ. ಹೋಟೆಲಿನಲ್ಲಿ ಇದ್ದ ಖರ್ಚೂ ಸಿಗುವುದಿಲ್ಲ. ಕಾರಿಗೆ ಬೇಕಾದದ್ದು ಕಾರು ವಿಮೆಯ ಕಾಂಪ್ರಹೆನ್ಸಿವ್ ಭಾಗ.

ಮರಳ ಚೀಲ ಸರಿಯಾಗಿ ಇಡುವುದು ಹೇಗೆ?

ಹೊಸಬರು ಮಾಡುವ ಮೊದಲ ತಪ್ಪು ಚೀಲವನ್ನು ಬಾಯಿತನಕ ತುಂಬಿ ಬಿಗಿಯಾಗಿ ಕಟ್ಟುವುದು. ಹಾಗೆ ಕಟ್ಟಿದ ಚೀಲ ಉರುಟಾಗಿ ಒಂದಕ್ಕೊಂದು ಒತ್ತಿ ಕೂರುವುದಿಲ್ಲ, ಸಂದಿಯಿಂದ ನೀರು ಬರುತ್ತದೆ. ಅರ್ಧದಿಂದ ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ. ತೂಕ 16ರಿಂದ 18 ಕಿಲೋ ಬರುತ್ತದೆ, ಒಬ್ಬರೇ ಎತ್ತಬಹುದು. ಬಾಯಿ ಕಟ್ಟದೆ ಚೀಲದ ಕೆಳಕ್ಕೆ ಮಡಚಿ, ಮಡಚಿದ ಕಡೆ ನೀರು ಬರುವ ದಿಕ್ಕಿಗೆ ಇಟ್ಟು, ಮೇಲೆ ಹತ್ತಿ ತುಳಿಯಿರಿ. ಮುಂದಿನ ಸಾಲನ್ನು ಇಟ್ಟಿಗೆ ಗೋಡೆಯಂತೆ ಸಂದಿ ತಪ್ಪಿಸಿ ಇಡಿ.

ತುಳಿದ ಮೇಲೆ ಒಂದು ಸಾಲು ಸುಮಾರು 4 ಇಂಚು ಎತ್ತರ. ಒಂದು ಅಡಿಗೆ ಮೂರು ಸಾಲು. ಎತ್ತರದ ಮೂರರಷ್ಟು ಬುಡ ಅಗಲ ಇರಬೇಕು, ಇಲ್ಲದಿದ್ದರೆ ನೀರಿನ ಒತ್ತಡಕ್ಕೆ ಜಾರುತ್ತದೆ. ನೀರಿನ ಬದಿಗೆ 6 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಪಾಲು, ಮಿಲಿಮೀಟರ್ ಅಲ್ಲ) ದಪ್ಪದ ಪ್ಲಾಸ್ಟಿಕ್ ಹಾಳೆ ಸಡಿಲವಾಗಿ ಹಾಸಿ, ಅದರ ಅಂಚನ್ನು ಚೀಲದಿಂದ ಅದುಮಿ. ಬಿಗಿಯಾಗಿ ಎಳೆದರೆ ನೀರು ಒತ್ತಿದಾಗ ಹರಿಯುತ್ತದೆ. ಎರಡು ಅಡಿಗಿಂತ ಹೆಚ್ಚು ನೀರು ಬರುವಲ್ಲಿ ಮನೆಯವರೇ ಚೀಲ ಪೇರಿಸುವುದರಲ್ಲಿ ನಮಗೆ ನಂಬಿಕೆ ಇಲ್ಲ. ಆ ಹೊತ್ತನ್ನು ಸಾಮಾನು ಮಹಡಿಗೆ ಸಾಗಿಸಲು ಬಳಸಿ. ನೆರೆನೀರು ಕುಡಿದ ಮರಳನ್ನು ಮಕ್ಕಳ ಆಟಕ್ಕೆ, ಕೈತೋಟಕ್ಕೆ ಹಾಕಬೇಡಿ.

ಹೊಳೆ ದೂರ ಇದೆ. ಆದರೂ ಮನೆಯ ನೆಲದಡಿಯ ಕ್ರಾಲ್ ಸ್ಪೇಸ್‌ನಲ್ಲಿ ನೀರು. ಏನು ಮಾಡಲಿ?

ಅದು ಬಹುತೇಕ ಅಂತರ್ಜಲ, ಇಲ್ಲವೇ ಛಾವಣಿಯ ನೀರು. ಮೊದಲು ಗಟರ್ ಮತ್ತು ಅದರ ಇಳಿಕೊಳವೆ ನೋಡಿ. ನವೆಂಬರ್‌ನಲ್ಲಿ ಮೇಪಲ್ ಎಲೆ ಬಿದ್ದು ಕಟ್ಟಿಕೊಳ್ಳುವುದೇ ಅರ್ಧ ಸಮಸ್ಯೆ. ರಸ್ತೆಯ ಚರಂಡಿ ಜಾಲರಿಯ ಮೇಲಿನ ಎಲೆಯನ್ನೂ ಕುಂಟೆಯಿಂದ ಎಳೆದುಬಿಡಿ, ಕೌಂಟಿಯವರು ಬರುವವರೆಗೆ ಕಾಯಬೇಡಿ.

ನೆಲದಡಿಯ ಗುಂಡಿಗೆ ಸೇರುವ ನೀರನ್ನು ಹೊರಹಾಕುವ ಸಂಪ್ ಪಂಪ್ ಇದ್ದರೆ ಅಕ್ಟೋಬರ್‌ನಲ್ಲೇ ಒಂದು ಬಕೆಟ್ ನೀರು ಗುಂಡಿಗೆ ಸುರಿದು ಪರೀಕ್ಷಿಸಿ. ಫ್ಲೋಟ್ ಮೇಲೆದ್ದು ಪಂಪ್ ಚಾಲೂ ಆಗಬೇಕು, ನೀರು ಹೋದ ಮೇಲೆ ತಾನೇ ನಿಲ್ಲಬೇಕು. ಸಾಮಾನ್ಯವಾಗಿ ಕೆಡುವುದು ಮೋಟರ್ ಅಲ್ಲ. ಫ್ಲೋಟ್ ಗುಂಡಿಯ ಗೋಡೆಗೆ ಸಿಕ್ಕಿಕೊಂಡಿರುತ್ತದೆ, ಅಥವಾ ನೀರು ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಹಾಳಾಗಿ ಹೊರಹಾಕಿದ ನೀರೇ ವಾಪಸ್ ಬರುತ್ತಿರುತ್ತದೆ. ಹೊರಕೊಳವೆಯ ತುದಿ ಮನೆಯಿಂದ ಕನಿಷ್ಠ 10 ಅಡಿ ಆಚೆ, ಇಳಿಜಾರಿಗೆ ಇರಲಿ. ಬ್ಯಾಟರಿ ಬ್ಯಾಕಪ್ ಇಲ್ಲದ ಪಂಪ್ ನೆರೆಯ ರಾತ್ರಿ ಇದ್ದೂ ಇಲ್ಲದಂತೆ, ಏಕೆಂದರೆ ಅದೇ ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿರುತ್ತದೆ.

ರಸ್ತೆಯ ಮೇಲೆ ಅರ್ಧ ಅಡಿ ನೀರಿದೆ. ದೊಡ್ಡ ಕಾರು. ದಾಟಬಹುದೇ?

ಬೇಡ. ಹರಿಯುವ ನೀರು 6 ಇಂಚು ಇದ್ದರೆ ದೊಡ್ಡವರನ್ನೇ ಕೆಡವುತ್ತದೆ, 12 ಇಂಚು ಸಣ್ಣ ಕಾರನ್ನು ತೇಲಿಸುತ್ತದೆ, 2 ಅಡಿ ಬಹುಪಾಲು ಎಲ್ಲ ಗಾಡಿಗಳನ್ನೂ ಒಯ್ಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಮಣ್ಣುನೀರಿನ ಕೆಳಗೆ ರಸ್ತೆ ಇದೆಯೋ ಕೊಚ್ಚಿ ಹೋಗಿದೆಯೋ ಕಾಣುವುದಿಲ್ಲ.

ಸ್ನೋಕ್ವಾಲ್ಮಿ ಕಣಿವೆಯಲ್ಲಿ ಇದು ದೊಡ್ಡ ಪ್ರಶ್ನೆ. ಕಣಿವೆ ಅಡ್ಡ ದಾಟುವ ನಾರ್ತ್‌ಈಸ್ಟ್ 124ನೇ ಸ್ಟ್ರೀಟ್, ಟೋಲ್ಟ್ ಹಿಲ್ ರಸ್ತೆ, ವುಡಿನ್‌ವಿಲ್–ಡುವಾಲ್ ರಸ್ತೆ, ಉದ್ದಕ್ಕೆ ಹೋಗುವ ಸ್ಟೇಟ್ ರೂಟ್ 203 ಒಂದೊಂದಾಗಿ ಮುಚ್ಚುತ್ತವೆ. ದೊಡ್ಡ ನೆರೆಯಲ್ಲಿ ಡುವಾಲ್, ಕಾರ್ನೇಷನ್ ದ್ವೀಪಗಳಾಗುತ್ತವೆ. ಬೆಳಗ್ಗೆ ಫೇಸ್ 3 ಎಂದಿದ್ದರೆ ರೆಡ್ಮಂಡ್ ಆಫೀಸಿಗೆ ಹೋದವರು ಸಂಜೆ ಮನೆ ಸೇರದಿರಬಹುದು. ಮಗು ಡೇಕೇರ್‌ನಲ್ಲಿ ಕಣಿವೆಯ ಒಂದು ಬದಿ, ನೀವು ಇನ್ನೊಂದು ಬದಿ ಆಗದಂತೆ ಹಿಂದಿನ ರಾತ್ರಿಯೇ ಯೋಚಿಸಿ.

ಡಿಸೆಂಬರ್‌ನಲ್ಲಿ ಬೆಟ್ಟದಾಚೆಯ ಲೆವನ್‌ವರ್ತ್ ಊರಿನ ಕ್ರಿಸ್‌ಮಸ್ ದೀಪ ನೋಡಲು ಹೊರಟಿದ್ದೇವೆ. ಏನು ಗಮನಿಸಬೇಕು?

ಅಲ್ಲಿಗೆ ಹೋಗುವ ಯುಎಸ್ 2 ರಸ್ತೆ ಸ್ಕೈಕೋಮಿಶ್ ನದಿಯ ಪಕ್ಕದಲ್ಲೇ ಹೋಗುತ್ತದೆ. 2022ರ ಬೋಲ್ಟ್ ಕ್ರೀಕ್ ಕಾಡ್ಗಿಚ್ಚಿನಲ್ಲಿ ಬೋಳಾದ ಇಳಿಜಾರುಗಳೂ ಅದೇ ರಸ್ತೆಯ ಮೇಲಿವೆ. ಸುಟ್ಟ ನೆಲ ಜೋರು ಮಳೆಗೆ ಕಲ್ಲು, ಮರ, ಕೆಸರು ಸಮೇತ ಇಳಿದು ಬರುತ್ತದೆ. ಬೆಚ್ಚನೆಯ ಮಳೆಯ ಮುನ್ಸೂಚನೆ ಇದ್ದರೆ ಹೋಟೆಲ್ ದುಡ್ಡು ಹೋದರೂ ಸರಿ, ಮುಂದೂಡಿ.

ಕರೆಂಟ್ ಹೋದರೆ ಇದ್ದಿಲ ಒಲೆ ಒಳಗೆ ಹಚ್ಚಬಹುದೇ?

ಖಂಡಿತ ಬೇಡ. ಕಿಟಕಿ ತೆರೆದಿಟ್ಟರೂ, ಗ್ಯಾರೇಜ್ ಬಾಗಿಲು ಎತ್ತಿದ್ದರೂ ಬೇಡ. 2006ರ ಡಿಸೆಂಬರ್ ಬಿರುಗಾಳಿಯ ನಂತರ ಈ ಪ್ರದೇಶದಲ್ಲಿ ಕಾರ್ಬನ್ ಮೊನಾಕ್ಸೈಡ್‌ಗೆ ಸತ್ತವರಲ್ಲಿ ಹೊರದೇಶಗಳಿಂದ ಬಂದು ನೆಲೆಸಿದವರು ಹೆಚ್ಚಿದ್ದರು. ಆ ಅನಿಲಕ್ಕೆ ವಾಸನೆ ಇಲ್ಲ. ಜನರೇಟರ್ ಮನೆಯಿಂದ 20 ಅಡಿ ಆಚೆ, ಹೊಗೆ ಕಿಟಕಿಯ ಕಡೆ ತಿರುಗದಂತೆ ಇರಲಿ.

ಮನೆ ಬಿಡಿ ಎಂದರೆ ಏನೇನು ಹಿಡಿದುಕೊಳ್ಳಬೇಕು?

ಪಾಸ್‌ಪೋರ್ಟ್, ಒಸಿಐ ಕಾರ್ಡ್, ಗ್ರೀನ್ ಕಾರ್ಡ್, ಐ-797 (ವೀಸಾ ಮಂಜೂರಾತಿಯ) ಪತ್ರ, ಮಕ್ಕಳ ಜನನ ಪ್ರಮಾಣಪತ್ರ ಒಂದು ಜಿಪ್ ಚೀಲದಲ್ಲಿ. ಇವು ನೀರಿಗೆ ಹೋದರೆ ಮತ್ತೆ ಮಾಡಿಸಲು ತಿಂಗಳುಗಳೇ ಹಿಡಿಯಬಹುದು. ಔಷಧಿ, ಕನ್ನಡಕ, ಚಾರ್ಜರ್, ಬ್ಯಾಂಕ್ ಲಾಕರಿನಲ್ಲಿಡದ ಒಡವೆ. ಹೊರಡುವ ಮುನ್ನ ಪ್ರತಿ ಕೋಣೆಯನ್ನೂ ಫೋನಿನಲ್ಲಿ ನಿಧಾನವಾಗಿ ವಿಡಿಯೋ ಮಾಡಿ, ಕಪಾಟುಗಳನ್ನು ತೆರೆದು ತೋರಿಸಿ, ವಿಮೆಗೆ ಬೇಕಾಗುತ್ತದೆ. ಮೇನ್ ಬ್ರೇಕರ್ ಆರಿಸಿ, ಆದರೆ ಅಲ್ಲಿಗೆ ಹೋಗಲು ನೀರಿನಲ್ಲಿ ಕಾಲಿಡಬೇಕೆಂದರೆ ಮುಟ್ಟಬೇಡಿ.

ನೀರು ಇಳಿಯಿತು. ಬೇಸ್‌ಮೆಂಟ್ ನೀರನ್ನು ತಕ್ಷಣ ಪಂಪ್ ಮಾಡಲೇ?

ಒಂದೇ ಸಲ ಬೇಡ. ಹೊರಗಿನ ಮಣ್ಣು ಇನ್ನೂ ನೀರಿನಿಂದ ತುಂಬಿ ಗೋಡೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ. ಒಳಗಿನ ನೀರು ಅದಕ್ಕೆ ಎದುರೊತ್ತು ಕೊಡುತ್ತಿದೆ. ಒಮ್ಮೆಗೇ ತೆಗೆದರೆ ಗೋಡೆ ಬಾಗುತ್ತದೆ, ನೆಲ ಬಿರಿಯುತ್ತದೆ. ದಿನಕ್ಕೆ ಮೂರರಲ್ಲಿ ಒಂದು ಪಾಲು ತೆಗೆಯಿರಿ. ಗೋಡೆಯ ಮೇಲೆ ಗೆರೆ ಹಾಕಿ, ರಾತ್ರಿ ಮತ್ತೆ ಮೇಲೆ ಬಂದಿದ್ದರೆ ಒಂದು ದಿನ ನಿಲ್ಲಿಸಿ.

ಬೂಷ್ಟು 24ರಿಂದ 48 ಗಂಟೆಯಲ್ಲಿ ಶುರುವಾಗುತ್ತದೆ. ಡ್ರೈವಾಲ್ (ಒಳಗೋಡೆಯ ಜಿಪ್ಸಮ್ ಹಲಗೆ) ಬತ್ತಿಯಂತೆ ನೀರನ್ನು ಮೇಲಕ್ಕೆಳೆಯುವುದರಿಂದ ನೀರಿನ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಕತ್ತರಿಸಿ ತೆಗೆಯಬೇಕಾಗುತ್ತದೆ. ಒಳಗಿನ ಇನ್ಸುಲೇಷನ್ ಒಣಗಿಸಿ ಉಳಿಸುವ ಆಸೆ ಬಿಡಿ. ಗೋಡೆ ಮುಚ್ಚುವ ಮೊದಲು ಒಳಗಿನ ಮರ ಪೂರ್ತಿ ಒಣಗಿರಬೇಕು. ಇಲ್ಲಿನ ಚಳಿಗಾಲದಲ್ಲಿ ಡಿಹ್ಯುಮಿಡಿಫೈಯರ್ ಇಲ್ಲದೆ ಅದು ಆಗದು.

ಅಡುಗೆಮನೆಯ ಸಾಮಾನು ಯಾವುದನ್ನು ಉಳಿಸಿಕೊಳ್ಳಬಹುದು?

ನೆರೆನೀರಿನಲ್ಲಿ ಸೆಪ್ಟಿಕ್, ಕೊಟ್ಟಿಗೆಯ ಗಂಜಳ, ಡೀಸೆಲ್ ಎಲ್ಲ ಇರುತ್ತದೆ. ಅಕ್ಕಿ ಮೂಟೆ, ಬೇಳೆ, ರಾಗಿಹಿಟ್ಟು ತೊಯ್ದಿದ್ದರೆ ಎಸೆಯಿರಿ. ಸ್ಟೀಲ್ ಡಬ್ಬಿಯ ಮುಚ್ಚಳ ಎಷ್ಟೇ ಬಿಗಿ ಇರಲಿ, ನೀರಿನಲ್ಲಿ ಮುಳುಗಿದ್ದರೆ ಒಳಗಿನ ಸಾರಿನ ಪುಡಿಗೆ ಆಸೆ ಪಡಬೇಡಿ. ಡಬ್ಬಿ ಉಳಿಯುತ್ತದೆ. ಸೋಪಿನಲ್ಲಿ ತೊಳೆದು, ಒಂದು ಗ್ಯಾಲನ್ ನೀರಿಗೆ ಒಂದು ಟೇಬಲ್ ಚಮಚ ವಾಸನೆಯಿಲ್ಲದ ಬ್ಲೀಚ್ ಹಾಕಿ ಅದರಲ್ಲಿ ಅದ್ದಿ, ಗಾಳಿಗೆ ಒಣಗಿಸಿ. ಮರದ ಲಟ್ಟಣಿಗೆ, ಚಪಾತಿ ಮಣೆ, ಸೌಟು ಎಸೆಯಬೇಕು, ಮರ ಒಳಗೆ ಹೀರಿಕೊಂಡಿರುತ್ತದೆ. ಕುಕ್ಕರ್ ಇಟ್ಟುಕೊಂಡು ಗ್ಯಾಸ್ಕೆಟ್ ಬದಲಿಸಿ. ವೆಟ್ ಗ್ರೈಂಡರ್‌ನ ಕಲ್ಲು ತೊಳೆಯಬಹುದು, ಮೋಟರ್ ಮುಳುಗಿದ್ದರೆ ಪ್ಲಗ್ ಹಾಕಬೇಡಿ.

ಬರೀ ಕರೆಂಟ್ ಹೋಗಿದ್ದರೆ, ಬಾಗಿಲು ತೆರೆಯದ ಫ್ರಿಜ್‌ಗೆ 4 ಗಂಟೆ, ತುಂಬಿದ ಫ್ರೀಜರ್‌ಗೆ 48 ಗಂಟೆ, ಅರ್ಧ ತುಂಬಿದ್ದಕ್ಕೆ 24 ಗಂಟೆ ಲೆಕ್ಕ.

ಬಾವಿ ನೀರು, ಸೆಪ್ಟಿಕ್ ಟ್ಯಾಂಕ್?

ಬೋರ್‌ವೆಲ್ ತಲೆ ಮುಳುಗಿದ್ದರೆ ಕ್ಲೋರಿನ್ ಹಾಕಿ ಶುದ್ಧ ಮಾಡಿ, ಪ್ರಯೋಗಾಲಯದ ಫಲಿತಾಂಶ ಬರುವವರೆಗೆ ಬೇರೆ ನೀರು ಬಳಸಿ. ಕುದಿಸಿದರೆ ರೋಗಾಣು ಸಾಯುತ್ತದೆ, ಡೀಸೆಲ್ ಹೋಗುವುದಿಲ್ಲ. ನೆಲ ತೊಯ್ದಿರುವಾಗ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡಿಸಬೇಡಿ. ಹಗುರಾದ ಟ್ಯಾಂಕ್ ಅಂತರ್ಜಲದ ಒತ್ತಡಕ್ಕೆ ಮೇಲೆದ್ದು ಕೊಳವೆಗಳನ್ನು ಮುರಿಯುತ್ತದೆ.

ಎಚ್-1ಬಿ ವೀಸಾದಲ್ಲಿರುವವರಿಗೆ ಫೆಮಾ ನೆರವು ಸಿಗುತ್ತದೆಯೇ?

ನಗದು ನೆರವಿಗೆ ನಾಗರಿಕರು ಅಥವಾ ಗ್ರೀನ್ ಕಾರ್ಡ್‌ನಂಥ ಅರ್ಹತೆ ಇರುವವರು ಅರ್ಜಿ ಹಾಕಬೇಕು. ಆದರೆ ಮನೆಯಲ್ಲಿ ಇಲ್ಲೇ ಹುಟ್ಟಿದ, ಅಮೆರಿಕದ ಪೌರತ್ವ ಇರುವ 18ರೊಳಗಿನ ಮಗು ಇದ್ದರೆ ಮಗುವಿನ ಪರವಾಗಿ ಅಪ್ಪ ಅಮ್ಮ ಹಾಕಬಹುದು. ಆಶ್ರಯ ಶಿಬಿರ, ಊಟ, ತುರ್ತು ವೈದ್ಯಕೀಯ ನೆರವಿಗೆ ಯಾರ ವೀಸಾವನ್ನೂ ಕೇಳುವುದಿಲ್ಲ.

ಮುಂದೆ ಇದು ಹೆಚ್ಚಾಗುತ್ತದೆಯೇ?

ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಸ್ನೋ ಲೆವೆಲ್ ಮೇಲಕ್ಕೆ ಸರಿದಂತೆ ಹಿಂದೆ ಹಿಮ ಬೀಳುತ್ತಿದ್ದ ಎತ್ತರಕ್ಕೆ ಮಳೆ ಬೀಳುತ್ತದೆ. ಕೆಳಗಿನ ಬೆಟ್ಟಗಳಲ್ಲಿ ಕರಗಲು ಹಿಮವೇ ಕಡಿಮೆಯಾಗಿ ಆ ಪಾಲು ಇಳಿಯಬಹುದು, ಮಧ್ಯ ಎತ್ತರದ ಜಲಾನಯನಗಳಲ್ಲಿ ಚಳಿಗಾಲದ ಹರಿವು ಏರುತ್ತದೆ. ಸ್ನೋಕ್ವಾಲ್ಮಿ, ಸ್ಕೈಕೋಮಿಶ್, ಸ್ಕಾಜಿಟ್ ಇರುವುದು ಅಂಥ ಕಡೆಯೇ. ಕಣಿವೆಯ ರೈತರು ದನಗಳಿಗೆ, ಟ್ರ್ಯಾಕ್ಟರ್‌ಗಳಿಗೆ ಎಂದು ಹೊಲದ ನಡುವೆ ಮಣ್ಣಿನ ಎತ್ತರದ ದಿಬ್ಬ ಕಟ್ಟಿಕೊಂಡಿದ್ದಾರೆ. ಹೊಳೆ ಬಂದಾಗ ಎಲ್ಲವೂ ಅದರ ಮೇಲೆ ಏರುತ್ತವೆ. ಆ ಕಡೆ ಜಮೀನು ನೋಡುತ್ತಿದ್ದರೆ ಅಂಥ ದಿಬ್ಬ ಇದೆಯೇ, ಅನುಮತಿ ಪಡೆದು ಕಟ್ಟಿದ್ದೇ ಎಂದು ಮಾರುವವರನ್ನು ಕೇಳಿ.